ಬೇರು ಕೊಡದ ನೀಲಿ

ಬಟ್ಟೆಯ ಗಂಟನ್ನು ಎರಡೂ ಕೈಯಿಂದ ತಿರುಚಿ ಹಿಂಡುತ್ತಿದ್ದೆ. ಒಳಗಿದ್ದ ಬಣ್ಣದ ಬೇರಿನ ಚೂರುಗಳು ಐದು ವಾರ ಎಣ್ಣೆಯಲ್ಲಿ ನೆನೆದು ಮೆತ್ತಗಾಗಿದ್ದವು. ಕೆಳಗಿನ ಗಾಜಿನ ಜಾಡಿಗೆ ಹನಿಹನಿಯಾಗಿ ಇಳಿಯುತ್ತಿದ್ದ ಎಣ್ಣೆ ದಾಳಿಂಬೆ ರಸದಷ್ಟು ಕೆಂಪಗಿತ್ತು. ಕೈಗವಸು ಹಾಕಿಕೊಂಡಿದ್ದರೂ ಮಣಿಕಟ್ಟಿನ ಹತ್ತಿರ ಬಣ್ಣ ಇಳಿದಿತ್ತು.

"ಅತ್ತೆ, ಕೊನೇ ಹನಿವರೆಗೂ ಹಿಂಡಿ. ಇನ್ನು ಬೇರಿಲ್ಲ," ಎಂದಳು ಸೊಸೆ. ಅವಳು ಆಚೆ ಮೇಜಿನ ಮೇಲೆ ಕಾಸ್ಟಿಕ್ ಸೋಡಾ ತೂಗುತ್ತಿದ್ದಳು. ತಲೆ ಎತ್ತಲಿಲ್ಲ.

"ಹಿಂಡ್ತಾನೇ ಇದೀನಲ್ಲೇ. ನನ್ನನ್ನೇ ಹಿಂಡಿದ್ರೂ ಇನ್ನೊಂದು ಹನಿ ಬರಲ್ಲ."

"ನಿಮ್ಮನ್ನ ಹಿಂಡಿದ್ರೆ ಮಾತು ಬರುತ್ತೆ, ಎಣ್ಣೆ ಎಲ್ಲಿಂದ ಬರುತ್ತೆ?"

ನಾನು ನಕ್ಕೆ. ಅವಳೂ ಸ್ವಲ್ಪ ನಕ್ಕಳು. ಆದರೆ ಬರಬೇಕಾಗಿದ್ದ ಒಂದೇ ಒಂದು ಮಾತು ನಾಲ್ಕು ವರ್ಷದಿಂದ ನನ್ನ ಬಾಯಿಂದ ಬಂದಿರಲಿಲ್ಲ.

ಇದು ಹನ್ನೊಂದನೆಯ ಪರೀಕ್ಷೆ. ಕೇಳಿದವರು ನಗಬಹುದು. ನನ್ನ ಸೊಸೆ ಮತ್ತು ಅವಳ ಒಡಹುಟ್ಟಿದ ತಂಗಿ ಮತ್ತೆ ಮುಖ ನೋಡುವುದೋ ಇಲ್ಲವೋ ಎನ್ನುವುದು ಒಂದು ಸಾಬೂನಿನ ಬಣ್ಣದ ಮೇಲೆ ನಿಂತಿತ್ತು. ಆ ಬಣ್ಣ ಎಲ್ಲಿಂದ ಬಂತೆಂದು ಗೊತ್ತಿದ್ದವಳು ನಾನೊಬ್ಬಳೇ.

ಈ ಹಿಂದಿನ ಕೋಣೆಯಲ್ಲಿ ಸಾಬೂನಿನ ಕೆಲಸ ಶುರುಮಾಡಿದ್ದು ಅಕ್ಕತಂಗಿಯರಿಬ್ಬರೂ ಸೇರಿ. ಒಲೆಯ ಮೇಲೆ ಕುದಿಸುವ ಸಾಬೂನಲ್ಲ ಇದು. ಸೋಡಾವನ್ನು ನೀರಿನಲ್ಲಿ ಕರಗಿಸಿ, ಆರಿಸಿ, ಎಣ್ಣೆಗೆ ಬೆರೆಸಿ, ಗಟ್ಟಿಯಾಗುವ ಹೊತ್ತಿಗೆ ಅಚ್ಚಿಗೆ ಹೊಯ್ದು, ಮಾರನೆಯ ದಿನ ಕತ್ತರಿಸಿ ಆರು ವಾರ ಗಾಳಿಗೆ ಬಿಡುವುದು. ತೂಕ ಅಳತೆ ಎಲ್ಲ ಅಕ್ಕನದು. ಒಂದು ಗ್ರಾಂ ಹೆಚ್ಚುಕಡಿಮೆಯಾದರೆ ಅವಳಿಗೆ ಅನ್ನ ಸೇರುವುದಿಲ್ಲ. ಬಣ್ಣ ತಂಗಿಯದು. ನಮ್ಮ ಜೊತೆಗೇ ಇದ್ದ ತಂಗಿಯನ್ನು ಮನೆಯಲ್ಲಿ ಎಲ್ಲರೂ ಚಿಕ್ಕವಳು ಎಂದೇ ಕರೆಯುತ್ತಿದ್ದೆವು, ಮೂವತ್ತು ದಾಟಿದರೂ. ಅವಳು ಅಳೆಯುತ್ತಿರಲಿಲ್ಲ. ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವಳು. "ಇನ್ನೆರಡು ದಿನ ನೆನೀಲಿ, ಪಾಪ, ಅದಕ್ಕಿನ್ನೂ ನಿದ್ದೆ ಬಿಟ್ಟಿಲ್ಲ" ಎನ್ನುವಳು, ಬೇರು ಮನುಷ್ಯ ಜಾತಿಯೇನೋ ಎಂಬಂತೆ.

ಪಾತ್ರೆ ತೊಳೆಯುವುದು, ಅಚ್ಚಿಗೆ ಕಾಗದ ಹಾಸುವುದು, ಒಣಗಿದ ಸಾಬೂನು ಸುತ್ತುವುದು ನನ್ನ ಪಾಲಿನ ಕೆಲಸ. ಯಾರೂ ಹೇರಿದ್ದಲ್ಲ. ಇಬ್ಬರೂ ದುಡಿಯುವಾಗ ಸುಮ್ಮನೆ ಕುಳಿತರೆ ನನಗೆ ಮೈಯೆಲ್ಲ ಕಡಿಯುತ್ತದೆ.

ಆ ವರ್ಷ ಹೊಸದಾಗಿ ತೆರೆಯಲಿದ್ದ ಒಂದು ವಸತಿಗೃಹದವರು ಇನ್ನೂರು ಸಾಬೂನು ಹೇಳಿದರು. ಕೋಣೆಯ ಪರದೆಗಳಿಗೆ ಹೊಂದುವ ನೇರಳೆ ಬಣ್ಣವೇ ಆಗಬೇಕು. ಅಷ್ಟು ದೊಡ್ಡ ಆರ್ಡರು ಅದೇ ಮೊದಲು. ಚಿಕ್ಕವಳು ಬಣ್ಣ ಬಿಡುವ ಒಂದು ಬಗೆಯ ಒಣಬೇರು ತರಿಸಿ ಎಣ್ಣೆಯಲ್ಲಿ ನೆನೆಹಾಕಿದಳು. ಐದನೆಯ ವಾರ ಸೋಸಿ ಜಾಡಿಗೆ ತುಂಬಿಟ್ಟಳು. ಮಾರನೆಯ ದಿನ ಹೊಯ್ಯುವುದಿತ್ತು.

ಅವತ್ತು ಸಂಜೆ ಕೋಣೆ ಗುಡಿಸಲು ಹೋದವಳು ಜಾಡಿ ನೋಡಿದೆ. ನೇರಳೆ ಬೇಕೆಂದರೆ ಈ ಹುಡುಗಿ ಕೆಂಪು ಮಾಡಿಟ್ಟಿದ್ದಾಳೆ! ಅಕ್ಕ ನೋಡಿದರೆ ರಂಪವಾಗುತ್ತದೆ. ಪಾಪ, ಐದು ವಾರದ ಕೆಲಸ. ಕೆಂಪಿಗೆ ನೀಲಿ ಸೇರಿದರೆ ನೇರಳೆಯಾಗುತ್ತದೆಂದು ಯಾವ ಮಗುವಿಗೆ ಗೊತ್ತಿಲ್ಲ? ಬಚ್ಚಲುಮನೆಯ ಗೂಡಿನಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿಯಿತ್ತು. ಎರಡು ಚಮಚ ತಂದು ಜಾಡಿಗೆ ಹಾಕಿ ಮರದ ಕಡ್ಡಿಯಿಂದ ಕಲಕಿದೆ. ಎಣ್ಣೆ ಚಂದದ ನೇರಳೆಯಾಯಿತು. ಬೆಳಿಗ್ಗೆ ಅವಳ ಕಿವಿಯಲ್ಲಿ ಹೇಳಿದರಾಯಿತು, ಹುಡುಗಿ ನಕ್ಕು ನನ್ನ ಕೆನ್ನೆ ಹಿಂಡುತ್ತಾಳೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ನಾನು ತರಕಾರಿ ತಂದು ಬರುವಷ್ಟರಲ್ಲಿ ಹೊಯ್ದು ಮುಗಿದಿತ್ತು. ರಾತ್ರಿಯೆಲ್ಲ ಪುಡಿ ಜಾಡಿಯ ತಳಕ್ಕೆ ಇಳಿದಿರಬೇಕು, ಮೇಲೆ ಮತ್ತೆ ಕೆಂಪೇ ಕಂಡಿರಬೇಕು. ಸೋಸಿಟ್ಟ ಎಣ್ಣೆಯೆಂದು ಚಿಕ್ಕವಳು ಕಣ್ಣುಮುಚ್ಚಿ ಪೂರ್ತಿ ಬಗ್ಗಿಸಿದ್ದಳು. ಅಚ್ಚುಗಳಲ್ಲಿ ನೇರಳೆ ಬಣ್ಣ ನಿಂತಿತ್ತು. ಅಕ್ಕ ತಂಗಿಯ ಬೆನ್ನು ತಟ್ಟಿದಳು. ನನ್ನಿಂದ ಆಯಿತು ಎಂದು ನಾನೂ ಒಳಗೊಳಗೇ ಉಬ್ಬಿದೆ. ಅವಳ ಸಂತೋಷದ ಹೊತ್ತಿನಲ್ಲಿ ನನ್ನ ಹೆಚ್ಚುಗಾರಿಕೆ ಯಾಕೆ ಹೇಳಿಕೊಳ್ಳಲಿ ಎಂದು ಸುಮ್ಮನಾದೆ. ಆರು ವಾರ ಹಾಗೆ ಉಬ್ಬಿಕೊಂಡೇ ಇದ್ದೆ.

ಆ ಬೇರಿನ ಕೆಂಪು ಸೋಡಾ ನೀರು ತಾಗಿದ ಕೂಡಲೇ ತಾನಾಗಿ ನೇರಳೆಗೆ ತಿರುಗುತ್ತದೆಂದು ನನಗೆ ಗೊತ್ತಿರಲಿಲ್ಲ. ಚಿಕ್ಕವಳಿಗೆ ಗೊತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದಳು.

ವಸತಿಗೃಹ ತೆರೆದ ಮೂರನೆಯ ದಿನ ಅವರ ಉಸ್ತುವಾರಿಯವನು ಒಂದು ದೊಡ್ಡ ಚೀಲ ಹೊತ್ತು ತಂದು ನಮ್ಮ ಜಗಲಿಯ ಮೇಲೆ ಸುರಿದ. ಎಲ್ಲ ಬಿಳಿ ಟವಲುಗಳು. ಎಲ್ಲದರ ಮೇಲೂ ಶಾಯಿ ಚೆಲ್ಲಿದ ಹಾಗೆ ನೀಲಿ.

"ಏನಮ್ಮ, ಸೋಪು ಕೊಟ್ರೋ ಇಂಕ್ ಕೊಟ್ರೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಅಕ್ಕ ಒಂದು ಟವಲು ಎತ್ತಿ ತಂಗಿಯ ಮುಖದ ಮುಂದೆ ಹಿಡಿದಳು.

"ನೀಲಿ ಪುಡಿ ಹಾಕಿದ್ಯಾ?"

"ಇಲ್ಲಕ್ಕ. ಬೇರು ಮಾತ್ರ."

"ಬೇರು ಹೀಗೆ ಬಿಡುತ್ತಾ ಬಣ್ಣ?"

"ನಂಗೂ ಅದೇ ಗೊತ್ತಾಗ್ತಿಲ್ಲ. ನಿನ್ನಾಣೆಗೂ ಇನ್ನೇನೂ ಹಾಕಿಲ್ಲ."

"ಬಣ್ಣ ಸಾಲ್ಲಿಲ್ಲ ಅಂತ ಕೊನೇ ಗಳಿಗೇಲಿ ಸುರಿದುಬಿಟ್ಟೆ. ಈಗ ಆಣೆ ಬೇರೆ! ತಪ್ಪಾಯ್ತು ಅಂದ್ರೆ ನಾಲಿಗೆ ಸವೆಯುತ್ತಾ? ಸುಳ್ಳಿ."

ಚಿಕ್ಕವಳು ನನ್ನ ಕಡೆ ತಿರುಗಿದಳು. "ಅತ್ತೆ, ನೀವಾದ್ರೂ ಹೇಳಿ. ನಾನು ಬೇರು ನೆನೆಹಾಕಿದ್ದು ನೀವು ನೋಡಿದೀರಲ್ಲ?"

"ನೆನೆಹಾಕಿದ್ದು ನೋಡಿದೀನಮ್ಮ," ಎಂದೆ.

ಅಷ್ಟೇ ಹೇಳಿದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನನ್ನ ಜನ್ಮದಲ್ಲಿ ಹೇಳಿಲ್ಲ. ಅಕ್ಕತಂಗಿಯರ ಜಗಳ, ಎರಡು ದಿನದಲ್ಲಿ ತಣ್ಣಗಾಗುತ್ತದೆ, ಆಮೇಲೆ ನಿಧಾನವಾಗಿ ಹೇಳೋಣ ಎಂದುಕೊಂಡೆ. ಎರಡನೆಯ ದಿನಕ್ಕೆ ಚಿಕ್ಕವಳು ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದಳು. ಬೇರೆ ಊರಲ್ಲಿ ಲಾಂಡ್ರಿಯೊಂದರಲ್ಲಿ ಕೆಲಸಕ್ಕೆ ಸೇರಿದಳಂತೆ. ಫೋನ್ ನಂಬರು ಬದಲಾಯಿಸಿದಳು. ತಿಂಗಳ ಮೇಲೆ ಈ ಕೋಣೆಯ ಬೀಗದ ಕೈ ಅಂಚೆಯಲ್ಲಿ ವಾಪಸು ಬಂತು. ಲಕೋಟೆಯ ಹಿಂದೆ ಲಾಂಡ್ರಿಯ ವಿಳಾಸವಿತ್ತು. ಒಳಗೆ ಒಂದು ಸಾಲೂ ಇರಲಿಲ್ಲ.

ಸೊಸೆ ಆ ಸಾಬೂನುಗಳನ್ನೆಲ್ಲ ಒಂದನ್ನೂ ಉಳಿಸದೆ ಕಸದ ಗಾಡಿಗೆ ಹಾಕಿಸಿದ್ದಳು. ಕೋಪ ಇಳಿದ ಮೇಲೆ ಅವಳಿಗೆ ಅನುಮಾನ ಹತ್ತಿತು. ಒಂದು ದಿನ ಪಾತ್ರೆ ಒರೆಸುತ್ತಾ ಕೇಳಿದಳು:

"ಅತ್ತೆ, ನಿಜವಾಗ್ಲೂ ಆ ಬೇರಿನಿಂದಲೇ ಹಾಗೆ ನೀಲಿ ಬಂದಿದ್ರೆ?"

ಅದು ನನಗೆ ತೆರೆದಿಟ್ಟ ಬಾಗಿಲು. ನಾನು ಹೊಸ್ತಿಲಲ್ಲೇ ನಿಂತೆ. "ಯಾರಿಗೆ ಗೊತ್ತಮ್ಮ," ಎಂದೆ.

"ಬೇರು ಮಾತ್ರ ಹಾಕಿ ಮಾಡಿ ನೋಡ್ತೀನಿ. ಒಂದೇ ಒಂದ್ಸಲ ಟವಲಿಗೆ ಹತ್ತಿದ ಆ ನೀಲಿ ಬಂತು ಅಂದ್ರೆ, ನಾನೇ ಹೋಗಿ ಅವಳ ಕಾಲು ಹಿಡೀತೀನಿ. ಬರ್ಲಿಲ್ಲ ಅಂದ್ರೆ ಅವಳು ಸುಳ್ಳಿಯೇ."

ಹೀಗೆ ಶುರುವಾಯಿತು. ಬಣ್ಣದ ಗಂಧಗಾಳಿ ಇಲ್ಲದ ಅಕ್ಕ ಬಣ್ಣದ ಪಾಠಕ್ಕೆ ಕುಳಿತಳು. ಮಾರಾಟಕ್ಕೂ ಬಣ್ಣ ಬೇಕಲ್ಲ, ತಂಗಿಯಿಲ್ಲ. ಅವಳು ಕೆಡಿಸದ ಬಣ್ಣವಿಲ್ಲ. ಬೀಟ್‌ರೂಟ್ ರಸ ಹಾಕಿದಳು. ಹೊಯ್ಯುವಾಗ ಗುಲಾಬಿ, ಕತ್ತರಿಸುವಾಗ ಕಂದು. ಒಣ ಹೂವಿನ ಎಸಳು ಉದುರಿಸಿದಳು. ವಾರದಲ್ಲಿ ಅವು ಇಲಿ ಹಿಕ್ಕೆಯ ಹಾಗೆ ಕಂಡು ಒಬ್ಬ ಗಿರಾಕಿ ಹೆದರಿ ಹಿಂದೆ ಕೊಟ್ಟ. ವೆನಿಲಾ ಪರಿಮಳ ಹಾಕಿದ ಬಿಳಿ ಸಾಬೂನು ತಿಂಗಳಲ್ಲಿ ಹಳೆ ಹಲ್ಲಿನ ಬಣ್ಣಕ್ಕೆ ಬಂತು. ಅಚ್ಚಿಗೆ ಸರಿಯಾಗಿ ಕಂಬಳಿ ಹೊದಿಸದೆ ನಡುವೆ ಮಾತ್ರ ಬಿಸಿ ನಿಂತು, ಕತ್ತರಿಸಿದ ಪ್ರತಿ ತುಂಡಿನ ಮಧ್ಯೆ ಒಂದು ಕಪ್ಪು ವೃತ್ತ ಮೂಡಿತು.

"ಇದೇನಿದು, ಸೋಪು ನನ್ನನ್ನೇ ದುರುಗುಟ್ಟಿಕೊಂಡು ನೋಡ್ತಿದೆ," ಎಂದ ನನ್ನ ಮಗ. ಅವನು ರೈಲಿನ ಗಾರ್ಡು, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. "ಸ್ನಾನ ಮಾಡೋವಾಗ ನಂಗೆ ನಾಚಿಕೆ ಆಗುತ್ತಪ್ಪ."

ಒಮ್ಮೆ ಮಣ್ಣಿನ ಬಣ್ಣದ ಪುಡಿಯನ್ನು ಒಣದಾಗಿಯೇ ಪಾಕಕ್ಕೆ ಸುರಿದಳು. ಅದು ಕರಗದೆ ಗಂಟುಕಟ್ಟಿ, ಸಾಬೂನಿನ ತುಂಬ ಚುಕ್ಕೆ ಚುಕ್ಕೆ. ಅವತ್ತು ಅವಳು ಕಲಿತದ್ದು ಇದು: ಪುಡಿಯನ್ನು ಮೊದಲು ಒಂದು ಚಮಚ ಎಣ್ಣೆಯಲ್ಲಿ ತಿಕ್ಕಿ ನುಣ್ಣಗೆ ಮಾಡಿಕೊಳ್ಳಬೇಕು, ಎಣ್ಣೆಯಲ್ಲಿ ನೆನೆದ ಬೇರಿನ ಬಣ್ಣಕ್ಕೆ ಆ ತೊಂದರೆಯಿಲ್ಲ, ಅದು ತಾನಾಗಿ ಹರಡುತ್ತದೆ.

ಈ ತಪ್ಪುಗಳನ್ನೆಲ್ಲ ಬರೆದಿಡಲು ಒಂದು ಪುಸ್ತಕವಿತ್ತು. ಬರೆಯುವವಳು ನಾನು. ಹೆಬ್ಬೆಟ್ಟು ಒತ್ತುತ್ತಿದ್ದ ನಾನು ಚಿಕ್ಕವಳು ಹೋದ ಮೇಲೆ ಸಂಜೆಯ ದೊಡ್ಡವರ ಶಾಲೆಗೆ ಸೇರಿದ್ದೆ. ಯಾಕೆ ಎಂದು ಮಗ ಕೇಳಿದಾಗ ಬಸ್ಸಿನ ಬೋರ್ಡು ಓದಲು ಎಂದೆ. ನಿಜ ಬೇರೆಯಿತ್ತು. ಬಾಯಲ್ಲಿ ಆಗದ್ದು ಕೈಯಲ್ಲಾದರೂ ಆದೀತು ಎಂದುಕೊಂಡಿದ್ದೆ. ಎರಡನೆಯ ವರ್ಷ ಮೇಷ್ಟರು ಕಾಗದ ಬರೆಯುವ ಅಭ್ಯಾಸ ಕೊಟ್ಟಾಗ ಚಿಕ್ಕವಳಿಗೆ ಒಂದು ಬರೆದೆ. ಕ್ಷೇಮ, ಆರೋಗ್ಯ, ಹವೆ, ಮಗನ ಮಂಡಿನೋವು.

ಮೇಷ್ಟರು ಓದಿ, "ಅಜ್ಜಿ, ಅಕ್ಷರ ಮುತ್ತಿನ ಹಾಗಿದೆ. ಆದ್ರೆ ಈ ಕಾಗದ ಯಾಕೆ ಬರೆದ್ರಿ ಅನ್ನೋದು ಕಾಗದದಲ್ಲಿ ಇಲ್ವಲ್ಲ?" ಎಂದರು.

ಅದನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟೆ. ಆಮೇಲೆ ಬರೆದವೂ ಹಾಗೇ ಆದವು. ಎಷ್ಟು ಬರೆದರೂ ಹವೆಯವರೆಗೆ ಬಂದು ನಿಲ್ಲುತ್ತಿದ್ದೆ.

ಪುಸ್ತಕದಲ್ಲಿ ಮಾತ್ರ ಸೊಸೆ ಹೇಳಿದ್ದನ್ನು ತಪ್ಪದೆ ಬರೆದೆ. ಬೇರಿನ ಪರೀಕ್ಷೆ ಒಂದು, ಬೂದುಮಿಶ್ರ ನೇರಳೆ. ಎರಡು, ಬೋರ್‌ವೆಲ್ ನೀರಿನಲ್ಲಿ, ಅದೇ. ಮೂರು, ಬೇರು ಎರಡರಷ್ಟು, ಕಪ್ಪು ನೇರಳೆ. ನಾಲ್ಕು, ಸೋಡಾ ಹೆಚ್ಚು. ಆ ನಾಲ್ಕನೆಯದು ಕತ್ತರಿಸಿದಾಗ ನೀಲಿಯ ಹತ್ತಿರ ಹತ್ತಿರ ಬಂದಿತ್ತು. ಸೊಸೆ ಊಟ ಬಿಟ್ಟು ಅದನ್ನೇ ನೋಡುತ್ತ ಕುಳಿತಳು. ಮುಟ್ಟಿದರೆ ಬೆರಳು ಉರಿಯುವಂಥ ಸಾಬೂನು ಅದು. ಎರಡು ವಾರದಲ್ಲಿ ಅದೂ ಬೂದು ಬಣ್ಣಕ್ಕೆ ತಿರುಗಿತು. ಅವತ್ತು ಅವಳು ಗೋಡೆಯ ಕಡೆ ತಿರುಗಿ ನಿಂತಳು. ನಾನು ಪೆನ್ಸಿಲು ಹಿಡಿದು ಕುಳಿತೇ ಇದ್ದೆ.

"ಬರ್ಕೊಳ್ಳಿ ಅತ್ತೆ," ಎಂದಳು ಗೋಡೆಗೇ. "ನಾಲ್ಕು. ನಿಲ್ಲಲಿಲ್ಲ."

ಕಬ್ಬಿಣದ ಪಾತ್ರೆಯಲ್ಲಿ, ಬಿಸಿ ಹೆಚ್ಚಿಸಿ, ಹತ್ತು ವಾರ ನೆನೆಸಿ, ಹೀಗೆ ಹತ್ತಾದವು. ಇಲ್ಲದ ವಸ್ತುವನ್ನು ಹುಡುಕುವವಳ ಹಿಂದೆ ದೀಪ ಹಿಡಿದು ನಡೆಯುವುದು ನನ್ನ ಕೆಲಸವಾಯಿತು. ಪ್ರತಿ ಸಲವೂ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ. ಒಂದನೆಯ ಪರೀಕ್ಷೆಯಲ್ಲಿ ಹೇಳಿದ್ದರೆ ಒಂದು ತಪ್ಪು. ಹತ್ತರಲ್ಲಿ ಹೇಳಿದರೆ ಹತ್ತು ಸಲ ಅವಳ ಜೊತೆ ನಿಂತು ನಾಟಕವಾಡಿದ ಲೆಕ್ಕ. ತೆರೆದ ಬಾಯಿಗೆ ಏನಾದರೊಂದು ಬೇಕಲ್ಲ ಎಂದು, "ಕಾಫಿ ಇಡ್ಲಾ?" ಎಂದು ಕೇಳಿಬಿಡುತ್ತಿದ್ದೆ.

ಬೇರು ಸಿಗುವುದು ಕಷ್ಟವಾಗಿತ್ತು. ತರಿಸಿಕೊಡುತ್ತಿದ್ದ ಅಂಗಡಿಯವನು ಅಂಗಡಿ ಮುಚ್ಚಿದ್ದ. ಹಾಗಾಗಿ ಈ ಹನ್ನೊಂದೇ ಕೊನೆ.

"ಇದಾದ ಮೇಲೆ ನಾನು ಈ ವಿಷಯ ಎತ್ತಲ್ಲ," ಎಂದಳು ಸೊಸೆ, ಸೋಡಾ ನೀರಿನ ಪಾತ್ರೆಯನ್ನು ಕಿಟಕಿಯ ಬಳಿ ಆರಲು ಇಡುತ್ತಾ. "ನೀವೂ ಎತ್ಬೇಡಿ. ಅವಳಿಗೆ ಅಕ್ಕ ಇಲ್ಲ, ನಂಗೆ ತಂಗಿ ಇಲ್ಲ. ಮುಗೀತು."

"ಬಣ್ಣ ಬರದಿದ್ರೂ ಒಂದು ಕಾಗದ ಹಾಕ್ಬಹುದಲ್ಲೇ."

"ಏನಂತ? ನೀನು ಸುಳ್ಳು ಹೇಳಿದೀಯ, ಆದ್ರೂ ಬಾ ಅಂತಾನಾ? ಅವಳು ಬಂದ್ರೂ ಆ ಮಾತು ನಮ್ಮಿಬ್ಬರ ಮಧ್ಯೆ ಕೂತಿರುತ್ತೆ ಅತ್ತೆ. ನನ್ನ ಬುದ್ಧಿ ನಂಗೆ ಗೊತ್ತಿಲ್ವಾ?"

ಎಣ್ಣೆಗೆ ಸೋಡಾ ನೀರು ಬೆರೆಸಿ ಕಡೆಯತೊಡಗಿದಳು. ಕೆಂಪು ನೋಡುತ್ತಿದ್ದಂತೆ ಕದಡಿ ನೇರಳೆಗೆ ತಿರುಗಿತು. ಚಮಚ ಎತ್ತಿ ಬಿಟ್ಟರೆ ಪಾಕದ ಮೇಲೆ ಗೆರೆ ನಿಲ್ಲುವ ಹದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಮುಂಬಾಗಿಲು ಬಡಿದ ಸದ್ದು. ಗ್ಯಾಸ್ ಸಿಲಿಂಡರಿನವನು.

"ಸ್ವಲ್ಪ ಕಲಕ್ತಾ ಇರಿ, ಬಂದೆ," ಎಂದು ಕೈಗವಸು ಬಿಚ್ಚಿ ಹೋದಳು.

ನಾನು ಕಲಕಿದೆ. ಮನಸ್ಸಿಗೆ ಅದು ಹೊಳೆದದ್ದು ಆಗಲೇ. ನೀಲಿ ಬಂದರೆ ಇವಳು ಹೋಗಿ ತಂಗಿಯ ಕಾಲು ಹಿಡಿಯುತ್ತಾಳೆ. ಬಂದರೆ ಸಾಕು. ಎಲ್ಲಿಂದ ಬಂತು ಎಂದು ಯಾರು ಕೇಳುತ್ತಾರೆ? ನನ್ನ ಹೆಸರೂ ಉಳಿಯುತ್ತದೆ, ಅವರಿಬ್ಬರೂ ಒಂದಾಗುತ್ತಾರೆ. ನಾಲ್ಕು ವರ್ಷದ ಹಿಂದೆ ಕೆಡಿಸಿದ್ದನ್ನು ಅದೇ ನೀಲಿಯಿಂದ ನೆಟ್ಟಗೆ ಮಾಡಿದ ಹಾಗಾಗುತ್ತದೆ. ಇಷ್ಟು ವಯಸ್ಸಾದ ಮೇಲೂ ಬುದ್ಧಿ ಹೀಗೆ ಓಡುತ್ತದಲ್ಲ ಎಂದು ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ಬಚ್ಚಲುಮನೆಗೆ ಎರಡೇ ಹೆಜ್ಜೆ. ಒಂದು ಚಮಚ ನೀಲಿ ಪುಡಿ ತಂದು ಪಾತ್ರೆಗೆ ಕೊಡವಿ, ಬೇಗ ಬೇಗ ಕಲಕಿದೆ. ಸಿಲಿಂಡರಿನವನು ಹೊರಗೆ ಚಿಲ್ಲರೆಗೆ ಜಗಳ ಆಡುತ್ತಿದ್ದ. ನನಗಾಗಿ ಅವನು ಇನ್ನೂ ಸ್ವಲ್ಪ ಜಗಳವಾಡಲಿ ಎಂದುಕೊಂಡೆ.

ಅವಳು ಬಂದು ಪಾತ್ರೆ ನೋಡಿ, "ಆಗ್ಲೇ ಗಟ್ಟಿಯಾಯ್ತಲ್ಲ!" ಎಂದು ಅವಸರದಲ್ಲಿ ಅಚ್ಚಿಗೆ ಹೊಯ್ದು ಕಂಬಳಿ ಹೊದಿಸಿದಳು.

ಮಾರನೆಯ ದಿನ ಮಂಗಳವಾರ. ಮಧ್ಯಾಹ್ನ ಅಚ್ಚು ಕಳಚಿ ತಂತಿಯಿಂದ ಮೊದಲ ತುಂಡು ಕತ್ತರಿಸಿದಳು.

"ಅತ್ತೆ!"

ನಾನು ಬಾಗಿಲಲ್ಲಿ ನಿಂತಿದ್ದೆ.

"ಅತ್ತೆ, ನೀಲಿ! ನೋಡಿ ಇಲ್ಲಿ, ನೀಲಿ ಬಂದಿದೆ!" ಅವಳ ಕಣ್ಣು ತುಂಬಿಕೊಂಡಿತು. ಸ್ಟೂಲಿನ ಮೇಲೆ ಕುಸಿದು ಕುಳಿತಳು. "ಅಯ್ಯೋ, ನಾನೇನ್ ಮಾಡ್ಬಿಟ್ಟೆ. ಅವಳು ನಿಜ ಹೇಳಿದ್ಲು. ಹೇಳ್ತಾನೇ ಇದ್ಲು. ಬೇರು ಮಾತ್ರ ಅಕ್ಕ ಅಂತ. ನಾನು ಸುಳ್ಳಿ ಅಂದೆ."

ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಎದೆ ಹಗುರಾಯಿತು. "ಹೋಗ್ಲಿ ಬಿಡೆ. ಈಗ್ಲೇ ಬರೆದುಹಾಕು," ಎಂದೆ.

"ಬರೆಯೋದೇನು, ನಾಳೆ ಮೊದಲ ಬಸ್ಸಿಗೆ ಹೊರಡ್ತೀನಿ. ಅವಳಿಗೆ ತೋರಿಸೋಕೆ ಇದನ್ನೇ ತಗೊಂಡು ಹೋಗ್ತೀನಿ." ಕಣ್ಣೊರೆಸಿಕೊಂಡು ಎದ್ದಳು. ತಂಗಿಗೆ ಒಯ್ಯುವ ತುಂಡು ಚೆನ್ನಾಗಿರಲೆಂದು ಮತ್ತೊಂದು, ಮಗದೊಂದು ಕತ್ತರಿಸಿದಳು. ಮೂರನೆಯದನ್ನು ಕೈಗೆತ್ತಿಕೊಂಡವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು. ಥೇಟ್ ತಂಗಿಯ ಹಾಗೆ. ಅವಳಿಗೆ ಆ ಅಭ್ಯಾಸ ಯಾವಾಗ ಬಂತೋ ನಾನು ಗಮನಿಸಿರಲಿಲ್ಲ.

ತುಂಬ ಹೊತ್ತು ಹಾಗೇ ಹಿಡಿದಿದ್ದಳು.

"ಚುಕ್ಕೆ," ಎಂದಳು.

ಬೆರಳು ಒದ್ದೆ ಮಾಡಿ ಒಂದು ಚುಕ್ಕೆಯ ಮೇಲೆ ಎಳೆದಳು. ನೀಲಿ ಗೆರೆ ಹಿಡಿಯಿತು. ಬಿಳಿ ಬಟ್ಟೆಗೆ ಒರೆಸಿದಳು. ಟವಲಿನ ಮೇಲಿದ್ದದ್ದೇ ಬಣ್ಣ.

"ಎಣ್ಣೇಲಿ ನೆನೆದ ಬೇರು ಚುಕ್ಕೆ ಕಟ್ಟಲ್ಲ ಅತ್ತೆ. ಚುಕ್ಕೆ ಕಟ್ಟೋದು ಒಣ ಪುಡಿ." ಅವಳ ದನಿ ಮೆಲ್ಲಗಿತ್ತು, ಪುಸ್ತಕಕ್ಕೆ ಬರೆಸುವಾಗಿನ ದನಿಯೇ. "ಪಾತ್ರೆ ನಾನೇ ತೊಳೆದಿದ್ದೆ. ಎಣ್ಣೆ ನಾನೇ ತೂಗಿದ್ದೆ. ನಾನು ಎದ್ದು ಹೋಗಿದ್ದು ಒಂದೇ ಸಲ."

ಕೋಣೆಯಲ್ಲಿ ಇಬ್ಬರೇ ಇದ್ದೆವು. ಕಾಫಿ ಇಡಲಾ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.

"ನಾನೇ ಹಾಕಿದ್ದು," ಎಂದೆ. "ನೀವಿಬ್ಬರು ಒಂದಾಗ್ಲಿ ಅಂತ."

"ಅಷ್ಟೇನಾ?"

ಅವಳು ಕೇಳಿದ್ದು ಕೋಪದಿಂದಲ್ಲ. ಅವಳ ಮುಖದಲ್ಲಿ ಒಂದು ಬೇಡಿಕೆಯಿತ್ತು, ಅಷ್ಟೇ ಆಗಿರಲಿ ಎಂಬಂತೆ. ಅಷ್ಟೇ ಎಂದುಬಿಡಬಹುದಿತ್ತು. ಅಂದಿದ್ದರೆ ಚಿಕ್ಕವಳು ಸಾಯುವವರೆಗೂ ಸುಳ್ಳಿಯಾಗಿ ಉಳಿಯುತ್ತಿದ್ದಳು.

"ಆಗಲೂ ನಾನೇ," ಎಂದೆ. "ಜಾಡಿಗೆ. ಕೆಂಪಗಿತ್ತು. ನೇರಳೆ ಆಗ್ಲಿ ಅಂತ."

ಸೊಸೆ ಕೂಗಲಿಲ್ಲ. ತಂತಿಯನ್ನು ಮೇಜಿನ ಮೇಲಿಟ್ಟಳು. ಕೈಗವಸು ಬಿಚ್ಚಿದಳು.

"ಎಷ್ಟು ಚಮಚ?"

"ಎರಡು."

"ಚಿಕ್ಕ ಚಮಚನೋ ದೊಡ್ಡದೋ?"

"ದೊಡ್ಡದು."

ಪುಸ್ತಕವನ್ನು ತೆಗೆದು, ಅಷ್ಟು ವರ್ಷದಲ್ಲಿ ಮೊದಲ ಸಲ ತಾನೇ ಪೆನ್ಸಿಲು ಹಿಡಿದಳು. ಏನೋ ಬರೆದಳು. ನಾನು ನೋಡಲು ಹೋಗಲಿಲ್ಲ. ಆಮೇಲೆ ಹತ್ತೂ ಪರೀಕ್ಷೆಯ ಹಳೆಯ ತುಂಡುಗಳನ್ನು ಕಪಾಟಿನಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಬೂದು, ಬೂದು, ಕಪ್ಪು, ಬೂದು.

"ಹತ್ತು ಸಲ ಅತ್ತೆ," ಎಂದಳು. "ಹತ್ತು ಸಲ ನೀವು ನನ್ನ ಪಕ್ಕದಲ್ಲಿ ಕೂತು ಬರ್ಕೊಂಡ್ರಿ."

ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ತಟ್ಟೆಗೆ ಬಡಿಸುವಳು, ನೀರು ಇಡುವಳು, ಹೋಗುವಳು. ಮಾತ್ರೆಯ ಹೊತ್ತಿಗೆ ಮಾತ್ರೆ ಬಂತು. ಅದೇ ಹೆಚ್ಚು ಚುಚ್ಚಿತು. ಮಗ ಬಂದವನು ಇಬ್ಬರ ಮುಖ ನೋಡಿ, "ಏನು, ಸಿಗ್ನಲ್ ಬಿದ್ದಿಲ್ವಾ?" ಎಂದ. ಯಾರೂ ನಗಲಿಲ್ಲ. ಅವನಿಗೆ ನಾನೇ ಎಲ್ಲ ಹೇಳಿದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಅವನು ಎದ್ದು ಹೊರಗೆ ಹೋಗಿ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದ.

"ಅಮ್ಮ, ನಂಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ," ಎಂದ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಹಿಂದಿನ ಕೋಣೆಗೆ ಹೋದೆ. ಸೊಸೆ ಸಾಬೂನು ಸುತ್ತುತ್ತಿದ್ದಳು, ನನ್ನ ಕೆಲಸವನ್ನು.

"ನೀನು ಹೋಗಿ ಬಾರೆ," ಎಂದೆ. "ನಾಳೆ ಬಸ್ಸಿಗೆ ಹೋಗ್ತೀನಿ ಅಂದಿದ್ಯಲ್ಲ."

"ನೀಲಿ ಬಂತು ಅಂದ್ಕೊಂಡು ಅಂದಿದ್ದು." ಕಾಗದದ ಮಡಿಕೆಯನ್ನು ಉಗುರಿನಿಂದ ಒತ್ತಿದಳು. "ಈಗ ಯಾವ ಮುಖ ಹೊತ್ಕೊಂಡು ಹೋಗ್ಲಿ? ನೀವು ಪುಡಿ ಹಾಕಿದ್ರಿ, ಸರಿ. ಸುಳ್ಳಿ ಅಂದಿದ್ದು ಯಾರು? ಅದನ್ನ ನೀವೇನು ನನ್ನ ಬಾಯಿಗೆ ಹಾಕ್ಲಿಲ್ಲವಲ್ಲ. ಅವಳು ಆಣೆ ಇಟ್ಟು ಹೇಳಿದ್ಲು ಅತ್ತೆ. ನಂಗೆ ನಂಬೋದಕ್ಕೆ ಸೋಪಿನ ಸಾಕ್ಷಿ ಬೇಕಾಯ್ತು."

ಸುತ್ತಿದ ಸಾಬೂನನ್ನು ಪಕ್ಕಕ್ಕಿಟ್ಟು, "ನೀವು ಬರೀರಿ," ಎಂದಳು. "ನಂಗೆ ಕೈ ಏಳಲ್ಲ. ನೀವು ಮಾಡಿದ್ದನ್ನ ನೀವು ಬರೀರಿ."

"ಬರೆದು ನಿಂಗೆ ತೋರಿಸ್ಲಾ?"

"ಬೇಡ. ಓದಿದ್ರೆ ತಿದ್ತೀನಿ."

ಹಾಸಿಗೆಯ ಕೆಳಗಿನ ಹಳೆಯ ಕಾಗದಗಳನ್ನು ತೆಗೆದು ನೋಡಿದೆ. ಏಳಿದ್ದವು. ಹವೆಯ ವಿಷಯ ಚೆನ್ನಾಗಿ ಬರೆದಿದ್ದೆ. ಎಲ್ಲವನ್ನೂ ಹರಿದು, ಹೊಸ ಹಾಳೆಯಲ್ಲಿ ಬರೆದೆ:

"ಚಿಕ್ಕವಳಿಗೆ ಅತ್ತೆ ಬರೆಯುವುದು. ನಿನ್ನ ಬೇರಿನ ಎಣ್ಣೆಗೆ ನೀಲಿ ಪುಡಿ ಹಾಕಿದವಳು ನಾನು. ಹೊಯ್ಯುವ ಹಿಂದಿನ ಸಂಜೆ, ಎರಡು ದೊಡ್ಡ ಚಮಚ. ಕೆಂಪು ಕಂಡು ನೀನು ತಪ್ಪಿದೆ ಎಂದುಕೊಂಡೆ. ಕೇಳಲಿಲ್ಲ. ಟವಲು ಬಂದ ದಿನ ನೀನು ನನ್ನ ಮುಖ ನೋಡಿ ಕೇಳಿದಾಗ ಅರ್ಧ ಹೇಳಿದೆ. ಉಳಿದ ಅರ್ಧ ಇದು. ನಿನ್ನ ಅಕ್ಕನಿಗೆ ಗೊತ್ತಾದದ್ದು ಈ ಮಂಗಳವಾರ. ಬೇರಿನಿಂದಲೇ ಆ ನೀಲಿ ಬಂದೀತೆಂದು ಅವಳು ನಾಲ್ಕು ವರ್ಷ ಹುಡುಕಿದಳು. ನಾನು ನೋಡುತ್ತಿದ್ದೆ. ಅವಳು ಈಗ ಬರಲು ನಾಚುತ್ತಾಳೆ. ನೀನು ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ಈ ಕಾಗದ ನಾನೇ ಬರೆದದ್ದು, ಯಾರ ಕೈಯಿಂದಲೂ ಬರೆಸಿದ್ದಲ್ಲ."

ಒಂದು ಪುಟವೂ ತುಂಬಲಿಲ್ಲ. ಕ್ಷೇಮ ಕೇಳುವುದು ಮರೆತಿತ್ತು. ಸೇರಿಸಲು ಹೋದರೆ ಮತ್ತೆ ಹವೆಗೆ ಇಳಿಯುತ್ತೇನೆಂದು ಬಿಟ್ಟೆ.

ಲಕೋಟೆಯನ್ನು ಸೊಸೆಯ ಮುಂದಿಟ್ಟು, "ವಿಳಾಸ ನೀನು ಬರಿ," ಎಂದೆ.

"ನನ್ನ ಅಕ್ಷರ ಕಂಡ್ರೆ ಬಿಚ್ಚದೇ ಎಸೀತಾಳೆ," ಎಂದಳು. "ನಿಮ್ಮದು ಅವಳು ನೋಡೇ ಇಲ್ಲ. ಯಾರಪ್ಪ ಇದು ಅಂತಾದ್ರೂ ಬಿಚ್ತಾಳೆ."

ವಿಳಾಸವನ್ನೂ ನಾನೇ ಬರೆದೆ. ಅವಳು ಹೇಳುತ್ತಾ ಹೋದಳು, ಬೀಗದ ಕೈ ಬಂದಿದ್ದ ಹಳೆಯ ಲಕೋಟೆ ನೋಡದೆ. ಬಾಯಿಪಾಠವಾಗಿತ್ತು ಅವಳಿಗೆ.

ಅಂಚೆ ಕಚೇರಿಗೆ ಒಬ್ಬಳೇ ಹೋದೆ. ಕಿಟಕಿಯ ಒಳಗಿದ್ದ ಗುಮಾಸ್ತ ಲಕೋಟೆಯನ್ನು ತೂಗಿ, ವಿಳಾಸ ಓದಿದ.

"ಅಜ್ಜಿ, ಇದು ನಮ್ಮೂರೇ. ಈ ಬೀದೀಲಿ ರಸ್ತೆ ಅಗಲ ಮಾಡೋಕೆ ಬಹಳ ಅಂಗಡಿ ತೆಗೆಸಿದಾರೆ. ಇವರು ಅಲ್ಲೇ ಇದಾರಾ?"

"ಗೊತ್ತಿಲ್ಲಪ್ಪ."

"ಫೋನ್ ಮಾಡಿ ಕೇಳ್ಬಾರದಾ?"

"ನಂಬರಿಲ್ಲ."

"ಇಲ್ದೇ ಹೋದ್ರೆ ವಾಪಸ್ ಬರುತ್ತೆ. ಎಷ್ಟು ದಿನಕ್ಕೋ ಹೇಳಕ್ಕಾಗಲ್ಲ. ಪರವಾಗಿಲ್ವಾ?"

ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ಗುಮಾಸ್ತ ಲಕೋಟೆಯನ್ನು ನನ್ನ ಕಡೆ ಸ್ವಲ್ಪ ಸರಿಸಿದ, ಬೇಕಾದರೆ ತೆಗೆದುಕೊಳ್ಳಿ ಎಂಬಂತೆ. ನಾನು ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡೆ.

"ಕಳಿಸಿ," ಎಂದೆ.

ಅವನು ಅಂಚೆಚೀಟಿ ಅಂಟಿಸಿ, ಮುದ್ರೆಯನ್ನು ಎರಡು ಸಲ ಹೊಡೆದು, ತಿರುಗಿ ನೋಡದೆ ಹಿಂದಿನ ಚೀಲಕ್ಕೆ ಎಸೆದ.